ಯಮನಪ್ಪ ಮಾಮಾ ಬೈಯದೆ ಕೂತ ದಿನ

ಮೊನ್ನೆ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ತನ್ನ ಚೀಲದಿಂದ ಒಂದು ಗಂಟು ತೆಗೆದಳು. ಹಳೆಯ ಸೀರೆಯ ಚೂರು, ಅದರೊಳಗೆ ಅರಿಶಿನ ಹತ್ತಿದ ಕಾಗದ, ಅದರೊಳಗೆ ಒಂದು ಬೆಳ್ಳಿಯ ಉಡದಾರ. ಇಟ್ಟಿಟ್ಟು ಕಪ್ಪಾಗಿತ್ತು. 'ಇದು ನಿಂದು' ಎಂದು ನನ್ನ ಕಡೆ ನೋಡಿದಳು. ನೆರೆದ ಹೆಣ್ಣುಮಕ್ಕಳೆಲ್ಲ ಒಮ್ಮೆ ಉಡದಾರವನ್ನೂ ಒಮ್ಮೆ ನನ್ನ ಸೊಂಟವನ್ನೂ ನೋಡಿದರು. ಐವತ್ತು ದಾಟಿದ, ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುವ, ಉಸಿರು ಬಿಗಿಹಿಡಿದು ಪ್ಯಾಂಟಿನ ಗುಂಡಿ ಹಾಕಿಕೊಳ್ಳುವ ಈ ಮನುಷ್ಯ ಒಂದು ಕಾಲಕ್ಕೆ ಇಷ್ಟು ಸಣ್ಣ ಸುತ್ತಿನೊಳಗೆ ಹಿಡಿಸುತ್ತಿದ್ದ ಎಂದು ಅವರಿಗೆ ನಂಬಿಕೆ ಬರಲಿಲ್ಲ. ನಂಬದಿರುವುದು ನನ್ನ ಉದ್ಯೋಗವೇ ಆದ್ದರಿಂದ ನಾನೂ ನಂಬಲಿಲ್ಲ.

ಅಷ್ಟರಲ್ಲಿ ಕೂಸು ಬೀಗರ ಕಡೆಯ ಮುದುಕಿಯೊಬ್ಬಳ ಹೊಸ ಇಳಕಲ್ ಸೀರೆಯ ಮೇಲೆ ಉಚ್ಚೆ ಹೊಯ್ದಿತು. 'ಏ ಬುಲ್ಯಾ, ಎಲ್ಲಾ ಬಿಟ್ಟು ನನ್ನ ಸೀರಿನ ಬೇಕಾಗಿತ್ತೇನೋ' ಅಂದಳು ಮುದುಕಿ. ಬೈದಳೋ ಮುದ್ದು ಮಾಡಿದಳೋ ಹೇಳುವುದು ಕಷ್ಟ. ಗಂಡುಕೂಸಿನ ಸಣ್ಣ ಸಾಮಾನಿಗೆ ನಮ್ಮ ಮನೆಗಳಲ್ಲಿ ಇರುವ ಬುಲ್ಲಿ ಎಂಬ ಹೆಸರನ್ನೇ ಕೂಸಿಗೂ ಇಟ್ಟು ಕರೆದಿದ್ದಳು. ನನ್ನನ್ನೂ ಹಾಗೆಯೇ ಕರೆಯುತ್ತಿದ್ದರಂತೆ. ಯಾರೂ ಇದನ್ನು ಅಸಭ್ಯ ಎಂದು ತಿಳಿದವರಲ್ಲ. ಪೂಜೆ ಮಾಡುವವರೂ ಕರೆಯುತ್ತಿದ್ದರು, ಮಡಿಯಲ್ಲಿದ್ದವರೂ ಕರೆಯುತ್ತಿದ್ದರು.

ತೊಂದರೆ ಶುರುವಾಗುವುದು ಸಾಲಿಗೆ ಹೋದ ಮೇಲೆ. ಕೊಪ್ಪಳದ ನಮ್ಮ ಸಾಲಿಯ ಮೊದಲ ವಾರದಲ್ಲೇ ನನಗಿಂತ ಎತ್ತರದ ಹುಡುಗನೊಬ್ಬ ಬಾಕಿನಿಂದ ನನ್ನನ್ನು ತಳ್ಳಿ 'ಸರಿಯೋ ತುಣ್ಣಿ' ಅಂದ. ಮನೆಯ ಅಭ್ಯಾಸದಂತೆ ನಾನು ಇದು ಬುಲ್ಲಿಯ ಅಣ್ಣನೋ ತಮ್ಮನೋ ಇರಬೇಕೆಂದು ತಿಳಿದು, ಇವನಿಗೆ ನನ್ನ ಮೇಲೆ ಪ್ರೀತಿ ಬಂದಿದೆ ಎಂದುಕೊಂಡು, ನಕ್ಕು, ಅವನ ಹೆಗಲ ಮೇಲೆ ಕೈ ಹಾಕಿದೆ. ಅವನು ಬೆದರಿ ಹಿಂದಿನ ಬಾಕಿಗೆ ಹೋದ. ಆಮೇಲೆ ಹೈಸ್ಕೂಲು ಮುಗಿಯುವವರೆಗೆ ಅವನು ನನ್ನ ಗೆಳೆಯನಾಗಿದ್ದ. ಈ ಪ್ರಸಂಗವನ್ನು ನಾನು ಬಹಳ ಕಡೆ ಹೇಳಿದ್ದೇನೆ. ಆದರೆ ನನ್ನ ದೊಡ್ಡಪ್ಪನ ಮಗ ಇದು ತನಗೆ ಆದದ್ದು, ಅದೂ ಯಲಬುರ್ಗಾದ ಸಾಲಿಯಲ್ಲಿ, ತಾನು ಹೇಳಿದ್ದನ್ನು ನಾನು ಕದ್ದಿದ್ದೇನೆ ಎನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯ ಇರಬಹುದು. ಆ ಎತ್ತರದ ಹುಡುಗನ ಮುಖ ನನಗೆ ನೆನಪಿದೆ, ಹೆಸರು ನೆನಪಿಲ್ಲ. ಕಥೆ ಕದ್ದವರಿಗೆ ಹೀಗೇ ಆಗುತ್ತದೇನೋ.

ಆಮೇಲೆ ಶಬ್ದಸಂಪತ್ತು ಬೆಳೆಯಿತು. ತುಣ್ಣಿ ಎಂದರೆ ಸೊಕ್ಕಿನವನು. ತರಡು ಎಂದರೆ ಅದರ ಕೆಳಗಿನ ಜೋಳಿಗೆ. ಅದರಿಂದ ಕರೆದರೆ ತರಡ್ಯಾ, ಅಂದರೆ ದಡ್ಡ, ಮೊಂಡ, ಕೆಲಸಕ್ಕೆ ಬಾರದವನು. ಶಾಟಾ ಎಂದರೆ ಅದರ ಸುತ್ತಲಿನ ಕೂದಲು, ಅಂದರೆ ಏನೂ ಅಲ್ಲದ್ದು. 'ಏನ್ ಶಾಟಾ ಹರಕೊಂತಿ' ಎಂದರೆ ನಿನ್ನಿಂದ ಏನೂ ಆಗುವುದಿಲ್ಲ ಎಂದರ್ಥ. ಅಂಗವೊಂದಕ್ಕೆ ದೋಷವೊಂದು ಎಂದು ಯಾರು ಹಂಚಿದರೋ ಗೊತ್ತಿಲ್ಲ, ಹಂಚಿಕೆ ಮಾತ್ರ ನಿಯತ್ತಾಗಿತ್ತು. ಕುಷ್ಟಗಿ ಕಡೆಯವರು ಒಂದೇ ಶಬ್ದವನ್ನು ಎಳೆದು ಎಳೆದು ಬೈಯುತ್ತಿದ್ದರು. ಗಂಗಾವತಿಯವರ ಬಳಿ ಉರ್ದುವಿನದೂ ಇತ್ತು, ಕಾಲುವೆ ನೀರಿಗೆಂದು ವಲಸೆ ಬಂದ ರೈತರ ಕ್ಯಾಂಪುಗಳ ತೆಲುಗಿನದೂ ಇತ್ತು. ಒಂದೇ ಅಂಗಕ್ಕೆ ಮೂರು ಭಾಷೆಯಲ್ಲಿ ಹೆಸರು ಕರೆದು, ಕೇಳಿದವನು ತನಗೆ ಮೂರು ಇವೆಯೇನೋ ಎಂದು ಗಾಬರಿಯಾಗುವ ಹಾಗೆ ಬೈಯಬಲ್ಲರು. ಯಲಬುರ್ಗಾ ಕಡೆಯವರು ಮಾತ್ರ ಬೈಯುವ ಮೊದಲು 'ಕುಂದರ್ರಿ' ಎಂದು ಹೇಳಿ ಆಮೇಲೆ ಬೈಯುತ್ತಿದ್ದರು. ಇದನ್ನು ನಮ್ಮಪ್ಪ ಹೇಳುತ್ತಿದ್ದ. ಅವನು ಯಲಬುರ್ಗಾದವನು. ಆದರೆ ಅವನು ಬೈದದ್ದನ್ನು ನಾನು ಕೇಳಿಲ್ಲ, ಕುಂದರ್ರಿ ಎಂದದ್ದನ್ನಷ್ಟೇ ಕೇಳಿದ್ದೇನೆ.

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಏನನ್ನು ಕಂಡರೂ 'ಇದಕ್ಕೆ ಆಧಾರ ಏನು' ಎಂದು ಕೇಳುವ ರೋಗ ಆಗಷ್ಟೇ ಹತ್ತಿತ್ತು. ಸೆಮಿನಾರಿಗೆ ವಿಷಯ ಕೊಡಿ ಎಂದಾಗ ನಾನು ಎದೆಯುಬ್ಬಿಸಿ ನಮ್ಮ ಭಾಗದ ಬೈಗುಳಗಳ ಮೇಲೆ ಪ್ರಬಂಧ ಓದುತ್ತೇನೆ ಎಂದೆ. ಬರೆದೆ ಕೂಡ. ಓದಲು ನಿಂತಾಗ ಮುಂದಿನ ಸಾಲಿನಲ್ಲಿ ಸಹಪಾಠಿನಿಯರು ಪೆನ್ನು ಹಿಡಿದು ಕೂತಿದ್ದರು. ಬರೆದ ಶಬ್ದ ಬಂದಲ್ಲೆಲ್ಲ 'ಆ ಅಂಗ', 'ಆ ಅಂಗದ ಸಮೀಪದ ಇನ್ನೊಂದು ಅಂಗ' ಎಂದು ಓದತೊಡಗಿದೆ. ಗುರುಗಳು ಕನ್ನಡಕ ತೆಗೆದು, 'ಯಾವ ಅಂಗ ಅಂತ ಸ್ಪಷ್ಟ ಮಾಡ್ರಿ, ಇವರು ಮೂಗು ಅಂತ ಬರಕೊಂಡಾರು' ಅಂದರು. ಸ್ಪಷ್ಟ ಮಾಡಲಿಲ್ಲ. ಅಂಕಪಟ್ಟಿಯಲ್ಲಿ ಆ ಸೆಮಿನಾರಿನ ಅಂಕಗಳು ಸಹ ಆ ಅಂಗದಷ್ಟೇ ಮುಚ್ಚಿಡಬೇಕಾದವು.

ಇದೇ ಶಬ್ದಗಳನ್ನು ಜೋಳದ ರೊಟ್ಟಿಯಷ್ಟು ಸಲೀಸಾಗಿ ಬಳಸುತ್ತಿದ್ದವನು ಯಮನಪ್ಪ ಮಾಮಾ. ಅವ್ವನ ಒಬ್ಬನೇ ತಮ್ಮ. ತಾವರಗೇರಾದ ಹತ್ತಿರ ಅವನ ಊರು, ಅಲ್ಲಿ ಹೊಲ. ಆದರೆ ಅವನ ನಿಜವಾದ ಬೇಸಾಯ ಕುಷ್ಟಗಿಯ ದನದ ಸಂತೆಯಲ್ಲಿ. ಎತ್ತಿನ ದಲ್ಲಾಳಿ. ಮಾರುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ, ನಡುವೆ ಮಾಮಾ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಮುಚ್ಚಿ, ಅದರೊಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ. ಬೆರಳಿನ ಮಾತು ವಲ್ಲಿಯ ಒಳಗೆ, ಬೈಗುಳ ವಲ್ಲಿಯ ಹೊರಗೆ. 'ತರಡ್ಯಾ, ಹಲ್ಲು ನೋಡಾಕ ಬಂದು ಬಾಲ ಹಿಡಕೊಂಡು ನಿಂತೀಯಲ್ಲೋ' ಎಂದು ಕೊಳ್ಳುವವನಿಗೆ. 'ನೀನೇನ್ ಎತ್ತು ಮಾರತಿ, ನಿನ್ನ ಶಾಟಾ' ಎಂದು ಮಾರುವವನಿಗೆ. ಇಬ್ಬರೂ ನಗುತ್ತಿದ್ದರು. ಬೈಸಿಕೊಂಡವರಿಗೆ ಇವನು ನಮ್ಮವನು, ನಮಗೆ ಮೋಸ ಮಾಡುವುದಿಲ್ಲ ಎಂಬ ಭರವಸೆ ಬರುತ್ತಿತ್ತು.

ಅವನಿಗೂ ಒಂದು ಮಡಿ ಇತ್ತು. ಯಾರದೇ ಅವ್ವ, ಅಕ್ಕತಂಗಿಯರನ್ನು ಬೈಗುಳದಲ್ಲಿ ತಂದವನನ್ನು ಸಂತೆಯಿಂದ ಎಬ್ಬಿಸಿ ಕಳಿಸುತ್ತಿದ್ದ. ನಾನು ರಜೆಯಲ್ಲಿ ಬಂದು, ಹಾಗಾದರೆ ನಿನ್ನ ಬೈಗುಳಕ್ಕೆ ಮಾತ್ರ ಯಾಕೆ ವಿನಾಯಿತಿ ಎಂದು ವಾದಕ್ಕೆ ನಿಂತಾಗ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದ: 'ಗಂಡಸಿನ ಸಾಮಾನು ಗಂಡಸಿನ ಕಡೇನ ಇರ್ತೈತಿ. ನಾ ಅಂದ್ರ ಅವಂದೇನು ಉದುರಿ ಬೀಳಂಗಿಲ್ಲ. ಹೆಣಮಕ್ಕಳ ಸುದ್ದಿ ಯಾಕ ಬೇಕು?'

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಮಾಮಾ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಎಲ್ಲ ಸತ್ಯವನ್ನೂ ಹೇಳಲು ಆಗದ ಪ್ರಸಂಗಗಳು ಬರುತ್ತಿದ್ದವು. ಒಮ್ಮೆ ನಾನು ಜತೆಗಿದ್ದಾಗ ಅವನ ಷಡ್ಡಕನೇ ಒಂದು ಎತ್ತು ಮಾರಲು ತಂದಿದ್ದ. ನೋಡಲು ಛಲೋ ಎತ್ತು, ಆದರೆ ಹಿಂದೆ ಹೋದವರನ್ನು ಒದೆಯುವ ಚಾಳಿ. ಷಡ್ಡಕನ ಮುಂದೆ ಹೇಳುವ ಹಾಗಿಲ್ಲ. ಕೊಳ್ಳುವವನು ಬಂದು ಎತ್ತು ಹೇಗೆ ಎಂದು ಕೇಳಿದ. ಮಾಮಾ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು, ಕೈ ಮುಗಿದು, 'ನೋಡ್ರಿ ಸಾಹೇಬ್ರ, ತಾವು ತಿಳದವರು, ತಮಗ ಬಿಟ್ಟಿದ್ದು' ಅಂದ. ಕೊಳ್ಳುವವನು ಒಂದು ಕ್ಷಣ ಮಾಮಾನ ಮುಖ ನೋಡಿ, ನಮಸ್ಕಾರ ಮಾಡಿ, ಬೇರೆ ಎತ್ತಿನ ಕಡೆ ನಡೆದುಬಿಟ್ಟ. ಯಮನಪ್ಪ 'ರಿ' ಹಚ್ಚಿ ಮಾತಾಡಿದನೆಂದರೆ ಅಲ್ಲಿ ಏನೋ ಒಂದನ್ನು ಬಾಯಿ ಮುಚ್ಚಿ ಕಾಯುತ್ತಿದ್ದಾನೆ ಎಂದು ಕುಷ್ಟಗಿಯ ಸಂತೆಗೆಲ್ಲ ತಿಳಿದಿತ್ತು.

ಇದು ನಮ್ಮ ಅವ್ವನಿಗೆ ತಿಳಿದಿರಲಿಲ್ಲ. ಅವಳು ದನದ ಸಂತೆಗೆ ಹೋದವಳಲ್ಲ.

ಎಂ.ಎ. ಮುಗಿಸಿ ನಾನು ಮನೆಯಲ್ಲಿ ಕೂತಿದ್ದಾಗ ತಂಗಿ ರೇಣುಕಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದು ಹೇಳಿಕಳಿಸಿದರು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಅದು ಮೊದಲ ಕನ್ಯಾ ನೋಡುವ ಕಾರ್ಯ. ಗಂಡು ಬಸವರಾಜ, ಆನೆಗೊಂದಿ ಕಡೆಯವನು, ಆಗಷ್ಟೇ ಸಾಲಿ ಮಾಸ್ತರನಾಗಿದ್ದ. ಅವರಪ್ಪ ಸಿದ್ರಾಮಪ್ಪ, ನೆಲ್ಲು, ಬಾಳೆ ಬೆಳೆಯುವ ಮನುಷ್ಯ. ಇದು ಎಲ್ಲರಿಗೂ ತಿಳಿದ ಸಂಗತಿ. ಯಾರಿಗೂ ತಿಳಿಯದ ಸಂಗತಿ ಏನೆಂದರೆ ಬಸವರಾಜನೂ ರೇಣುಕಾಳೂ ಮಾಸ್ತರಿಕೆ ತರಬೇತಿಯನ್ನು ಒಂದೇ ಕಡೆ ಕಲಿತವರು. ಅವನೇ ಅಪ್ಪನಿಗೆ ಯಾರ ಮೂಲಕವೋ ಈ ಮನೆಯ ಸುದ್ದಿ ಮುಟ್ಟಿಸಿ, ಅಪ್ಪನೇ ಹುಡುಕಿದ ಸಂಬಂಧದ ಹಾಗೆ ಮಾಡಿದ್ದ. ಬಟ್ಟೆ ಒಣಹಾಕುತ್ತಾ ರೇಣುಕಾ ಇದನ್ನು ನನಗೊಬ್ಬನಿಗೇ ಹೇಳಿದಳು. 'ಅಣ್ಣಾ, ಇದು ತಪ್ಪಿದ್ರ ನಾ ಇನ್ನೊಬ್ಬರ ಮುಂದ ಸೀರಿ ಉಟಗೊಂಡು ಕುಂದ್ರಂಗಿಲ್ಲ. ನೀ ಏನರ ಆಧಾರ ಗೀಧಾರ ಅಂತ ಬಾಯಿ ಹಾಕಬ್ಯಾಡ.' ನಾನು ಹಾಕುವುದಿಲ್ಲ ಎಂದೆ.

ಭಯ ಇದ್ದದ್ದು ನನ್ನ ಬಾಯಿಯದಲ್ಲ, ಮಾಮಾನದು. ಅವನನ್ನು ಬಿಟ್ಟು ಕಾರ್ಯ ಮಾಡುವಂತಿಲ್ಲ. ನಮ್ಮಲ್ಲಿ ಹುಡುಗಿಯ ಮೇಲೆ ಸೋದರಮಾವನ ಮನೆಗೆ ಮೊದಲ ಹಕ್ಕು. ಮಾಮಾನಿಗೆ ಲಗ್ನದ ವಯಸ್ಸಿನ ಮಗನಿದ್ದ. ಮಾಮಾ ಬಂದು, ನಾಲ್ಕು ಜನರ ಮುಂದೆ, ನಾನು ಮನಸ್ಸಿನಿಂದ ಒಪ್ಪಿದ್ದೇನೆ ಎಂದು ಹೇಳಿದರೇನೇ ಬೇರೆಯವರು ಎಲೆ ಅಡಿಕೆ ಮುಟ್ಟುತ್ತಿದ್ದರು. ಮಾಮಾನೇನೋ ಒಪ್ಪಿದ್ದ. ರೇಣುಕಾ ಓದಿದ ಹುಡುಗಿ, ತನ್ನ ಮಗ ಅರೆಕೊರೆ ಕಲಿತವನು, ಅದು ಕೂಡಿಬರುವ ಮಾತಲ್ಲ ಎಂದು ಅವನೇ ಮೊದಲು ಅಂದಿದ್ದ. ಆದರೆ ಅವನು ಬಾಯಿ ತೆರೆದರೆ ಮೊದಲು ಬರುವುದು ಒಪ್ಪಿಗೆಯಲ್ಲ, ಆ ಅಂಗ.

ಅವ್ವ ಬೆಳಿಗ್ಗೆಯೇ ಅವನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದಳು. ದೀಪ ಹಚ್ಚಿದ್ದಳು.

'ನೋಡ ಯಮನಪ್ಪ, ಇವತ್ತೊಂದಿನ ನಿನ್ನ ಬಾಯಾಗ ಆ ಮಾತು ಬರಬಾರದು.'

'ಯಾವ ಮಾತಬೇ ಅಕ್ಕಾ?'

'ನಿನಗ ಗೊತ್ತೈತಿ.'

'ನನಗ ಭಾಳ ಮಾತು ಗೊತ್ತದಾವು. ಯಾವುದು ಅಂತ ನೀನ ಹೇಳು, ಅದನ್ನ ಬಿಡತೀನಿ.'

ಅವ್ವನ ಮುಖ ಕೆಂಪಾಯಿತು. ಅವಳ ಬಾಯಿಯಿಂದ ನಾವು ಯಾರೂ ಅಂಥ ಶಬ್ದ ಕೇಳಿರಲಿಲ್ಲ. ಹಾಲು ಕದ್ದು ಕುಡಿದ ಬೆಕ್ಕಿಗೂ 'ಸಣ್ಣ ಬುದ್ಧಿ' ಎಂದಷ್ಟೇ ಬೈಯುವವಳು. ಸೆರಗನ್ನು ಬಾಯಿಗೆ ಹಿಡಿದು, 'ಆಣಿ ಮಾಡು' ಅಂದಳು. ಮಾಮಾ ನಗುವುದನ್ನು ಬಿಟ್ಟ. ದೀಪದ ಮೇಲೆ ಕೈ ಹಿಡಿದು, ನೀನು ಬಾಯಿ ಬಿಡು ಎನ್ನುವ ತನಕ ಅಂಥ ಮಾತಿಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ. ಅಕ್ಕನ ಮಾತು ಮೀರುವ ಮನುಷ್ಯ ಅವನಲ್ಲ. ಸಣ್ಣವನಿದ್ದಾಗ ಅವರವ್ವ ತೀರಿಕೊಂಡಿದ್ದಳು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವ್ವ.

ಸಿದ್ರಾಮಪ್ಪ, ಬಸವರಾಜ, ಜತೆಗೆ ಇಬ್ಬರು ಹಿರಿಯರು ಬಂದರು. ಬಾಗಿಲಲ್ಲಿ ಮಾಮಾನನ್ನು ಕಂಡ ಕೂಡಲೇ ಸಿದ್ರಾಮಪ್ಪನ ಮುಖ ಅರಳಿತು. ಅವರಿಗೆ ಗುರುತಿತ್ತು. ಹಿಂದೊಮ್ಮೆ ಗದ್ದೆ ಕೆಲಸಕ್ಕೆ ಎತ್ತು ಬೇಕೆಂದು ಅವರು ಕುಷ್ಟಗಿಯ ಸಂತೆಗೆ ಬಂದಾಗ ಜೋಡಿ ಕೊಡಿಸಿದವನು ಇದೇ ಯಮನಪ್ಪ. ಆವತ್ತು ಅವನು ಬೈದ ಬೈಗುಳವನ್ನು ಊರಿಗೆ ಹೋಗಿ ಎಲ್ಲರಿಗೂ ಹೇಳಿ ನಗಿಸಿದ್ದರಂತೆ. ಅದೇ ಬೈಗುಳಕ್ಕೆ ಮುಖ ಒಡ್ಡಿ ನಿಂತ ಅವರಿಗೆ ಮಾಮಾ ಎರಡೂ ಕೈ ಮುಗಿದ.

'ಬರ್ರಿ, ಬರ್ರಿ. ಪ್ರಯಾಣ ಸುಖಕರ ಆತೇನ್ರಿ?'

ಸಿದ್ರಾಮಪ್ಪ ಹಿಂದೆ ತಿರುಗಿ ನೋಡಿದರು, ಈ ಮಾತು ಬೇರೆ ಯಾರಿಗಾದರೂ ಇರಬಹುದೆಂದು. ಯಾರೂ ಇರಲಿಲ್ಲ.

ಶಿರಾ, ಉಪ್ಪಿಟ್ಟು ಬಂತು. ರೇಣುಕಾ ಬಂದು ನಮಸ್ಕಾರ ಮಾಡಿ ಕೂತಳು. ಬಸವರಾಜ ಅವಳನ್ನು ಮೊದಲ ಸಲ ನೋಡಿದವನ ಹಾಗೆ ನೋಡಲು ಹೋಗಿ, ಹೆಚ್ಚು ಹೊತ್ತು ನೋಡಿ, ಕೆಮ್ಮಿದ. ಯಾವ ಸಾಲಿಯಲ್ಲಿ ಕಲಿತದ್ದು ಎಂದು ಹಿರಿಯರು ಕೇಳಿದಾಗ ಅವಳು ಹೇಳುವ ಮೊದಲೇ ಇವನು ಬಾಯಿ ತೆರೆದು, ಉಪ್ಪಿಟ್ಟು ತುಂಬಿಕೊಂಡು ಮುಚ್ಚಿದ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಸಿದ್ರಾಮಪ್ಪನ ಕಣ್ಣು ಮಾತ್ರ ಹುಡುಗಿಯ ಮೇಲಿರಲಿಲ್ಲ, ಮಾಮಾನ ಮೇಲಿತ್ತು. ಈ ವರ್ಷ ಸಂತೆ ಹೇಗೆ ಎಂದು ಕೇಳಿದರು. ತಮ್ಮಂಥವರ ದಯದಿಂದ ನಡೆದಿದೆ ಎಂದ ಮಾಮಾ. ನೀನು ಕೊಡಿಸಿದ ಎತ್ತಿನಲ್ಲಿ ಎಡಗಡೆಯದು ಸೋಮಾರಿ ನೋಡು ಎಂದು ಕೆಣಕಿದರು. ಅಂಥ ಕೆಣಕುವ ಮಾತಿಗೆ ಸಂತೆಯಲ್ಲಾದರೆ ಮಾಮಾ ಅವರ ಎಡಗಡೆಯ ಯಾವುದರ ಸುದ್ದಿಗೆ ಹೋಗುತ್ತಿದ್ದನೋ ದೇವರೇ ಬಲ್ಲ. ಇಲ್ಲಿ ತಲೆ ತಗ್ಗಿಸಿ, 'ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋರಿ' ಅಂದ.

ಸಿದ್ರಾಮಪ್ಪ ತಟ್ಟೆ ಕೆಳಗಿಟ್ಟರು. 'ಯಮನಪ್ಪ, ನಿನ್ನ ಮನಸ್ನ್ಯಾಗ ಏನೈತಿ ಹೇಳಿಬಿಡು. ನಿನ್ನ ಮಗನೂ ಅದಾನ. ನಿನಗ ಮನಸ್ಸಿರದ ಹೆಣ್ಣು ನಾವು ಒಯ್ಯಂಗಿಲ್ಲ.'

'ಹಂಗೇನಿಲ್ರಿ. ನಂದು ಪೂರಾ ಒಪ್ಪಿಗಿ ಐತ್ರಿ.'

'ಖರೇನ?'

'ಖರೇರಿ. ತಾವು ದೊಡ್ಡವರು, ತಿಳದವರು. ತಮಗ ಬಿಟ್ಟಿದ್ದು.'

ಈ ಮಾತನ್ನು ನಾನು ಷಡ್ಡಕನ ಎತ್ತಿನ ಮುಂದೆ ಕೇಳಿದ್ದೆ. ಅವನು ಹೇಳುತ್ತಿದ್ದದ್ದೆಲ್ಲ ನಿಜ. ಆದರೆ ನಿಜವನ್ನು ಆ ದನಿಯಲ್ಲಿ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ, ಕೇಳಿ ಅವರಿಗೂ ಅಭ್ಯಾಸವಿರಲಿಲ್ಲ. ಮಾಮಾ ಬೆವರುತ್ತಿದ್ದ. ವಲ್ಲಿಯಿಂದ ಮುಖ ಒರೆಸಿಕೊಂಡು ಇನ್ನಷ್ಟು ನಯವಾದ. ನಯವಾದಷ್ಟೂ ಸಿದ್ರಾಮಪ್ಪ ದೂರ ಸರಿದರು. ಜತೆಯ ಹಿರಿಯರ ಕಡೆ ನೋಡಿ ಎದ್ದು ನಿಂತರು.

'ಹೋಗಿ ತಿಳಸ್ತೀವ್ರಿ' ಎಂದು ಅಪ್ಪನಿಗೆ ಹೇಳಿದರು.

ತಿಳಸ್ತೀವಿ ಎಂದವರು ತಿಳಿಸುವುದಿಲ್ಲ, ಇದು ಕನ್ಯಾ ನೋಡಿಸಿದ ಎಲ್ಲ ಮನೆಗಳಿಗೂ ಗೊತ್ತು. ಎಲೆ ಅಡಿಕೆಯ ತಟ್ಟೆ ಮುಟ್ಟದೆ ಹಾಗೇ ಇತ್ತು. ಅಪ್ಪ 'ಕುಂದರ್ರಿ, ಕುಂದರ್ರಿ' ಎನ್ನುತ್ತಾ ಅವರ ಹಿಂದೆ ಹೋದ. ಬಸವರಾಜ ಎದ್ದವನು ಒಳಬಾಗಿಲ ಕಡೆ ನೋಡುತ್ತಾ ನಿಂತುಬಿಟ್ಟಿದ್ದ. ಆಗಲೇ ಎದ್ದು ಒಳಗೆ ಹೋಗಿದ್ದ ರೇಣುಕಾ ಅಡುಗೆಮನೆಯ ಬಾಗಿಲಲ್ಲಿ ತುಂಬಿದ ಲೋಟವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ನಾನು ಅವ್ವನ ಬಳಿ ಓಡಿ, ಮಾಮಾ ಬೈಯುತ್ತಿಲ್ಲವೆಂದೇ ಅವರು ಹೊರಟಿದ್ದಾರೆ, ಸಂತೆಯಲ್ಲಿ ಹೀಗೇ, ಆಣೆಯಿಂದ ಅವನನ್ನು ಬಿಡಿಸು ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಮಗಳ ಮುಖ ನೋಡಿದಳು. ಬಸವರಾಜನ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತೋ, ಆ ಲೋಟ ನೋಡಿ ಗೊತ್ತಾಯಿತೋ ನನಗೆ ತಿಳಿಯದು. ಸೆರಗನ್ನು ತಲೆ ತುಂಬ ಹೊದ್ದುಕೊಂಡು ಹೊಸ್ತಿಲಿಗೆ ಬಂದಳು. ಹೊರಗೆ ಸಿದ್ರಾಮಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿದ್ದರು.

'ಯಮನಪ್ಪ,' ಅಂದಳು ಅವ್ವ. 'ಬಾಯಿ ಬಿಡೋ ತರಡ್ಯಾ.'

ಮಾಮಾ ಅಕ್ಕನ ಮುಖವನ್ನು, ಯಾರೋ ಅವನಿಗೆ ಕಳೆದುಹೋದ ಎತ್ತನ್ನು ತಂದು ಕಟ್ಟಿದ ಹಾಗೆ ನೋಡಿದ. ಆಮೇಲೆ ವಲ್ಲಿ ಕೊಡವಿ ಬಾಗಿಲಿಗೆ ಹೋದ.

'ಏ ಸಿದ್ರಾಮ್ಯಾ, ಆ ಚಪ್ಪಲಿ ಕಳಿಯೋ ತರಡ್ಯಾ. ನನ್ನ ಸೋದರ ಸೊಸಿನ ಬಿಟ್ಟು ಯಾವ ಊರಿಗೆ ಹೊಂಟಿ?'

ಇದರ ಮುಂದಿನದನ್ನು ಬರೆಯುವುದಿಲ್ಲ. ಅದರಲ್ಲಿ ಸಿದ್ರಾಮಪ್ಪನವರ ಮುಂದಿನ, ಹಿಂದಿನ, ಎಡಬಲದ ಎಲ್ಲದರ ಉಲ್ಲೇಖವೂ ಇತ್ತು. ಎಡಗಡೆಯ ಎತ್ತಿಗೂ ಸರಿಯಾದ ಉತ್ತರ ಸಿಕ್ಕಿತು. ನನ್ನ ಸೆಮಿನಾರಿನಲ್ಲಿ ಬಿಟ್ಟುಹೋದ ಶಬ್ದಗಳೆಲ್ಲ ಒಂದೇ ಸಲಕ್ಕೆ ಸ್ಪಷ್ಟವಾದವು. ಸಿದ್ರಾಮಪ್ಪ ಚಪ್ಪಲಿ ಕಳೆದು, ಒಳಗೆ ಬಂದು, ಕಂಬಕ್ಕೆ ಒರಗಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಈಗ ಬಂದ ನೋಡ್ರಿ ಯಮನಪ್ಪ. ಇಷ್ಟೊತ್ತು ಯಾರನ್ನೋ ತಂದು ಕುಂದ್ರಿಸಿದ್ರಿ' ಎಂದು ಎಲೆ ಅಡಿಕೆಯ ತಟ್ಟೆಯನ್ನು ತಾವೇ ಎಳೆದುಕೊಂಡರು.

ಹೀಗೆ ನನ್ನ ತಂಗಿಯ ಲಗ್ನವಾಯಿತು. ಲಗ್ನದ ಮೇಲೆ ಅವಳು, 'ನಾನೇನು ಎತ್ತೇನು, ದಲ್ಲಾಳಿ ಬೈದ ಮ್ಯಾಲೆ ವ್ಯಾಪಾರ ಆಗಾಕ' ಎಂದು ಮಾವನನ್ನು ಕಾಡುತ್ತಿದ್ದಳಂತೆ. ಸಿದ್ರಾಮಪ್ಪ ಅವಳನ್ನು ಮಗಳಿಗಿಂತ ಹೆಚ್ಚು ನೋಡಿಕೊಂಡರು.

ಆದರೆ ಅವ್ವ ಆವತ್ತು ಬೀಗರನ್ನು ಕಳಿಸಿದ ಮೇಲೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಸಂಜೆಯ ತನಕ ದೇವರ ಜಗಲಿಯ ಮುಂದೆಯೇ ಕೂತಿದ್ದಳು. ಸಂಜೆಯ ಮೇಲೆ ನಾನು ನಗುತ್ತಾ ಆ ಮಾತು ತೆಗೆದಾಗ, ಯಾವ ಮಾತು ಎಂದಳು. ಇಂದಿನವರೆಗೂ ಹಾಗೇ. ತಾನು 'ಬಾಯಿ ಬಿಡೋ ತಮ್ಮಾ' ಎಂದಷ್ಟೇ ಅಂದದ್ದು, ಉಳಿದದ್ದು ಕಲಿತವರು ಸೇರಿಸಿದ್ದು ಎನ್ನುತ್ತಾಳೆ. ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ ರೇಣುಕಾ, ನನಗೆ ಆಗ ಕಿವಿಯಲ್ಲಿ ಬರೀ ಗುಂಯ್ ಎನ್ನುತ್ತಿತ್ತು ಎನ್ನುತ್ತಾಳೆ. ಅಪ್ಪನನ್ನು ಕೇಳಿದಾಗ, ತಾನು ಬೀಗರ ಇನ್ನೊಂದು ಚಪ್ಪಲಿಯನ್ನು ಕಾಲಿನಿಂದ ಸರಿಸಿ ಬಚ್ಚಿಡುವ ಯತ್ನದಲ್ಲಿದ್ದೆ ಎಂದಿದ್ದ. ಬಸವರಾಜನಿಗೆ ಅತ್ತೆಯ ಬಾಯಿಯಿಂದ ಅಂಥ ಮಾತು ಬಂದಿತ್ತೆಂದು ಒಪ್ಪುವ ಧೈರ್ಯವಿಲ್ಲ.

ಸಿದ್ರಾಮಪ್ಪನವರೂ ಆ ಹಿರಿಯರೂ ಈಗಿಲ್ಲ, ಮಾಮಾನನ್ನು ನಾನು ಮೊನ್ನೆಯವರೆಗೆ ಕೇಳಿರಲಿಲ್ಲ. ಉಳಿದವನು ನಾನೊಬ್ಬ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು. ಎತ್ತರದ ಹುಡುಗನ ಕಥೆಯನ್ನು ಕದ್ದಿರಬಹುದಾದವನು. ಎಷ್ಟೋ ಸಲ ಅನಿಸಿದೆ, ಅವ್ವ ತಮ್ಮಾ ಎಂದೇ ಅಂದಿರಬೇಕು, ಕಥೆ ರುಚಿಯಾಗಲೆಂದು ನಾನೇ ಅವಳ ಬಾಯಿಗೆ ಆ ಅಂಗವನ್ನು ಇಟ್ಟಿರಬೇಕು. ಹಾಗೆ ಅನಿಸಿದಾಗ ಮನಸ್ಸು ಸಣ್ಣದಾಗುತ್ತದೆ. ಯಾಕೆಂದರೆ ಅವ್ವನ ಬಗ್ಗೆ ನಾನು ತಿಳಿದಿರುವ ಎಲ್ಲದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೊಂದೇ ಮಾತು. ಬದುಕಿಡೀ ಕಾಯ್ದ ಮಡಿಯನ್ನು ಮಗಳಿಗಾಗಿ, ಸೆರಗು ಹೊದ್ದುಕೊಂಡೇ, ನಾಲ್ಕು ಜನರ ಮುಂದೆ ಕಳೆದಿಟ್ಟಳು ಎಂಬುದು.

ಮೊನ್ನೆ ತೊಟ್ಟಿಲ ದಿನ ಮಾಮಾನೂ ಬಂದಿದ್ದ. ಕಣ್ಣು ಮಂದವಾಗಿದೆ. ಸಂತೆ ಬಿಟ್ಟು ಬಹಳ ಕಾಲವಾಯಿತು; ಈಗ ಟ್ರ್ಯಾಕ್ಟರಿನವರಿಗೆ ಬೈಯುತ್ತಾನೆ, ಅವರಿಗೆ ಇಂಜಿನಿನ ಸದ್ದಿನಲ್ಲಿ ಕೇಳುವುದಿಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಾನೆ. ನಾನು ಒಳಗೆ ಬಂದದ್ದನ್ನು ಹೆಜ್ಜೆಯ ಸದ್ದಿನಿಂದಲೇ ತಿಳಿದು, 'ಬಾರೋ ತರಡ್ಯಾ, ಈ ವರ್ಷ ಎಷ್ಟು ಪುಸ್ತಕಾ ತಿಂದಿ' ಎಂದು ಕೇಳಿದ. ಬೀಗರ ಕಡೆಯ ಹುಡುಗಿಯರು ನಕ್ಕರು. ಕಾಲೇಜಿನಲ್ಲಿ ಎಲ್ಲರೂ ಸರ್ ಎನ್ನುವ ಕಿವಿಗೆ ಅದು ಹಬ್ಬದ ಊಟದ ಹಾಗೆ ಹಿತವಾಯಿತು.

ಊಟವಾಗಿ, ಬಂದವರು ಕಡಿಮೆಯಾದ ಮೇಲೆ ಅವನ ಮಂಚದ ತುದಿಗೆ ಕೂತೆ. ಪಕ್ಕದಲ್ಲಿ ಚಾಪೆಯ ಮೇಲೆ ಅವ್ವ ಮರಿಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಉಡದಾರ ಕಟ್ಟುತ್ತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಈ ಮನುಷ್ಯನಿಗೂ ವಯಸ್ಸಾಯಿತು, ಈಗ ಕೇಳದಿದ್ದರೆ ಇನ್ನು ಯಾರೂ ಹೇಳುವವರಿಲ್ಲ ಎಂದು ನನಗೆ ಆ ಹೊತ್ತಿಗೆ ಅನಿಸಿತು.

'ಮಾಮಾ,' ಅಂದೆ. 'ರೇಣುಕಾನ್ನ ನೋಡಾಕ ಬಂದ ದಿನ ಅವ್ವ ನಿನಗ ಹೊಸ್ತಿಲದಾಗ ನಿಂತು ಏನಂದ್ಲು? ಖರೇ ಹೇಳು. ಆ ಮಾತು ಅಂದ್ಲೋ ಇಲ್ಲೋ?'

ಮಾಮಾ ಮಂದ ಕಣ್ಣಿನಿಂದ ಅವ್ವ ಕೂತ ಕಡೆ ಒಮ್ಮೆ ನೋಡಿದ. ಪಕ್ಕದಲ್ಲಿದ್ದ ವಲ್ಲಿಯನ್ನು ಹುಡುಕಿ ತೆಗೆದು ಹೆಗಲಿಗೆ ಹಾಕಿಕೊಂಡ. ನೆಟ್ಟಗೆ ಕೂತ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದ.

'ಇಲ್ರಿ ಸರ,' ಅಂದ. 'ನಮ್ಮ ಅಕ್ಕಾರು ಅಂಥಾ ಮಾತು ಆಡೋರಲ್ರಿ. ತಾವು ಕಲಿತವರು, ತಿಳದವರು. ತಮಗ ಬಿಟ್ಟಿದ್ದು.'

ನಾನು ಅವ್ವನ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. ಉಡದಾರದ ಗಂಟು ಆಗಲೇ ಬಿಗಿದಾಗಿತ್ತು. ಆದರೂ ಸೆರಗನ್ನು ಬಾಯಿಗೆ ಕಚ್ಚಿಕೊಂಡು ಕಟ್ಟುತ್ತಲೇ ಇದ್ದಳು.